ಮೇಷ್ಟ್ರು ಮೆಚ್ಚಿದ ಎರಡನೇ ಕತೆ

ಸಿಟ್ಟು ಬಂದರೆ ನಮ್ಮ ಕನ್ನಡ ಮೇಷ್ಟ್ರಿಗೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಮುಖ. ಅಗಲವಾದ, ಕೂದಲು ಬೆಳೆದ ಕಿವಿಗಳು. ತುರುವೇಕೆರೆಯ ಹೈಸ್ಕೂಲಿನಲ್ಲಿ ಮುಂದಿನ ಬೆಂಚಿನ ಹುಡುಗಿಯರಾದ ನಾವು ಅವನ್ನು ನೋಡಿಯೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಆದರೆ ಅವರು ಹೊಡೆದವರಲ್ಲ. "ಏನ್ ಮಾಡ್ದೆ, ಬಾಯ್ಬಿಟ್ಟು ಹೇಳು" ಅನ್ನುವರು. ಹೇಳಿದರೆ ಮುಗಿಯಿತು, ಮತ್ತೆಂದೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ದಿನ ಪುಸ್ತಕ ಮುಚ್ಚಿಟ್ಟು, ತಾವೇ ಕಟ್ಟಿದ ಎರಡು ಕತೆ ಹೇಳಿದರು. ಎರಡರಲ್ಲೂ ಇಬ್ಬರು ಹಗೆಗಳು, ಒಬ್ಬ ಇನ್ನೊಬ್ಬನ ಬಣವೆಗೆ ಬೆಂಕಿ ಇಟ್ಟಿದ್ದಾನೆ. ಮೊದಲನೆಯದರಲ್ಲಿ ಊರವರು ರಾಜಿ ಮಾಡಿಸುತ್ತಾರೆ. ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ, ಬೆಂಕಿಯ ಮಾತೇ ಬರುವುದಿಲ್ಲ. ಎರಡನೆಯದರಲ್ಲಿ ಬೆಂಕಿ ಇಟ್ಟವನು ಒಬ್ಬನೇ ಬಂದು, ಬಾಗಿಲಾಚೆ ನಿಂತು, "ಇಟ್ಟವನು ನಾನೇ" ಎಂದು ಹೇಳಿ ಹೋಗುತ್ತಾನೆ. ಅಷ್ಟೇ. ಯಾವ ಕತೆ ದೊಡ್ಡದು ಎಂದು ಕೇಳಿದರು. ಇಡೀ ತರಗತಿ ಮೊದಲನೆಯದು ಅಂದಿತು. ಕಿವಿ ಕೆಂಪಾಯಿತು.

"ನಿಮ್ ತಲೆ! ಅಪ್ಕಂಡು ಅಳೋಕೆ ಏನ್ ಕಷ್ಟ ಕಣ್ರೋ? ನಾನೇ ಮಾಡ್ದೆ ಅನ್ನೋಕೆ ಎದೆ ಬೇಕು!"

ನಿವೃತ್ತರಾದ ಮೇಲೆ ಆ ಕತೆ ಅವರ ತೋಟಕ್ಕೇ ಬಂತು. ಮೇಷ್ಟ್ರ ತೋಟಕ್ಕೂ ಅವರ ತಮ್ಮನ ತೋಟಕ್ಕೂ ನಡುವಿನ ಬದುವಿನಲ್ಲಿ ತೆಂಗಿನ ಸಾಲೊಂದಿತ್ತು. ಭಾಗದಲ್ಲಿ ಅದು ಮೇಷ್ಟ್ರಿಗೆ ಬಂದಿತ್ತು, ಕಾಯಿ ಉದುರುತ್ತಿದ್ದದ್ದು ತಮ್ಮನ ಕಡೆಗೆ. ಅದಕ್ಕೇ ಜಗಳ, ಮಾತು ಬಿಟ್ಟಿದ್ದು. ಒಂದು ಬೇಸಿಗೆಯಲ್ಲಿ ಆ ಸಾಲು ಮಾತ್ರ ಸುಳಿ ಒಣಗಿ ಸತ್ತಿತು. ಬುಡದಲ್ಲಿ ಬೈರಿಗೆಯಿಂದ ಕೊರೆದ ತೂತುಗಳಿದ್ದವು, ಒಳಗೆ ಔಷಧಿಯ ವಾಸನೆ. ಫಲ ಬಿಡುವ ತೆಂಗನ್ನು ಕೊಲ್ಲುವುದೆಂದರೆ ನಮ್ಮ ಕಡೆ ಮನೆಯ ಮಗುವಿನ ಮೇಲೆ ಕೈ ಮಾಡಿದ ಹಾಗೆ. ಯಾರ ಕೆಲಸವೆಂದು ಊರಿಗೆಲ್ಲ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಬದಲಿಗೆ ಊರ ಹಿರಿಯರು ತಮ್ಮನನ್ನು ಕರೆದುಕೊಂಡು ರಾಜಿ ಮಾಡಿಸಲು ಬಂದರು, ನಾಚಿಕೆ ಇಲ್ಲದೆ!

ನನ್ನ ಮಗಳಿಗೆ ವ್ಯಾಕರಣ ಹೇಳಿಸಲು ಮೇಷ್ಟ್ರ ಮನೆಗೆ ಹೋಗಿದ್ದ ನಾನೂ ಅಲ್ಲೇ ಇದ್ದೆ. ಮೇಷ್ಟ್ರ ತಮ್ಮ ಎರಡೂ ತೋಳು ಚಾಚಿಕೊಂಡು ಜಗುಲಿ ಹತ್ತಿದರು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಅಪ್ಕಳೋದು ಆಮ್ಯಾಕೆ ಕಣಪ್ಪ. ಮರಕ್ಕೆ ಏನ್ ಹಾಕ್ದೆ, ಅದ್ನ ಮೊದ್ಲು ಹೇಳು."

"ಹಳೇದ್ನೆಲ್ಲಾ ಯಾಕಣ್ಣ ಕೆದಕ್ತೀಯ? ಬುಡತ್ಲಾಗೆ," ಅಂದರು ತಮ್ಮ.

ಹಿರಿಯರೂ ಅದನ್ನೇ ಅಂದರು. ಅವತ್ತಿನಿಂದ ಊರ ಬಾಯಲ್ಲಿ ಮೇಷ್ಟ್ರು ಕಲ್ಲೆದೆಯವರು, ಓದಿನ ಜಂಬದವರು. ಮರ ಕೊಂದವನು ಸಾಧು, ಕಳೆದುಕೊಂಡವರು ಹಟಮಾರಿ! ಈಗ ನೆನೆದರೂ ಮೈ ಉರಿಯುತ್ತದೆ. ಸಾಕಾಗಿ ನಾನೇ ಒಮ್ಮೆ, "ಹೋಗ್ಲಿ ಬುಡಿ ಸಾ" ಅಂದೆ.

"ಅವ್ನು ಹೇಳಿದ್ ದಿನ ನಾನೇ ಅವ್ನ ಮನೇಗೋಗಿ ಉಣ್ತೀನಿ ಕಣಮ್ಮ," ಅಂದರು. ಸಿಟ್ಟಿರಲಿಲ್ಲ, ಧ್ವನಿ ಸಣ್ಣಗಾಗಿತ್ತು.

ಈ ಸಲದ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಬಿಟ್ಟು ಬಂದು ಎಲ್ಲ ಕೂತಿದ್ದಾಗ ಹಿರಿಯರೊಬ್ಬರು, "ತಮ್ಮ ಬಂದು ಮಣ್ಣು ಹಾಕ್ದ. ಅಣ್ಣ ತಮ್ಮ ಒಂದಾದಂಗೇ ಆಯ್ತು," ಅಂದರು. ನನಗೆ ತಡೆಯಲಾಗಲಿಲ್ಲ. ಎದ್ದು ಮೇಷ್ಟ್ರ ತಮ್ಮನ ಎದುರು ನಿಂತೆ.

"ಎಲ್ಲಿ ಒಂದಾದ್ರು? ನೀವೇ ಹೇಳಿ ಗೌಡ್ರೇ, ಮರಕ್ಕೆ ಏನ್ ಹಾಕಿದ್ರಿ?"

ಅವರು ತಲೆ ಎತ್ತಲಿಲ್ಲ. "ಕಳೆಗೆ ಹೊಡೆಯೋ ಔಷ್ದಿ ಕಣವ್ವ. ನಾನೇ ಹಾಕ್ದೆ."

"ಎಂಥಾ ದೊಡ್ ಮನ್ಸು!" ಎಂದು ಪಕ್ಕದವರು ಅವರ ಬೆನ್ನು ಸವರಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಒಂದು ಉಸಿರಿನ ಮಾತು. ಅದನ್ನು ಮೇಷ್ಟ್ರು ಬದುಕಿದ್ದಾಗ ಆಡಿದ್ದರೆ, ಅವರು ಅವತ್ತೇ ಬದು ದಾಟಿ ಹೋಗಿ ತಮ್ಮನ ಪಕ್ಕದಲ್ಲಿ ಊಟಕ್ಕೆ ಕೂರುತ್ತಿದ್ದರು.