ಕಾಫಿ ಕಣದಲ್ಲಿ ಕಲಿತ ರಾಜನಡಿಗೆ

ತೊಂಬತ್ತರ ದಶಕದಲ್ಲಿ ವನಗೂರಿನ ನಾವು ಹನ್ನೊಂದು ಹುಡುಗರು ಸೇರಿ ನಾಟಕದ ತಂಡ ಕಟ್ಟಿಕೊಂಡಿದ್ದೆವು. ತಾಲೀಮಿಗೆ ಜಾಗವಿರಲಿಲ್ಲ. ಕೊನೆಗೆ ಪ್ಲಾಂಟರೊಬ್ಬರು ತಮ್ಮ ಕಾಫಿ ಕಣ ಬಿಟ್ಟುಕೊಟ್ಟರು. ಷರತ್ತು ಒಂದೇ: ಮಾತು ಒಪ್ಪಿಸುತ್ತಲೇ, ಒಣಹಾಕಿದ ಕಾಫಿ ಹಣ್ಣು ಸಮನಾಗಿ ಒಣಗುವಂತೆ ಅದನ್ನು ಕಾಲಲ್ಲಿ ಕೆದಕಬೇಕು. ಹಾಗಾಗಿ ರಾಜನ ಮಾತುಗಳನ್ನೆಲ್ಲ ನಾನು ಬರಿಗಾಲು ಎಳೆಯುತ್ತಾ, ಕಣದ ಆ ತುದಿಯಿಂದ ಈ ತುದಿಗೆ ಹೋಗಿಬರುತ್ತಾ ಬಾಯಿಪಾಠ ಮಾಡಿದೆ.

ಮಂತ್ರಿಯ ಪಾತ್ರದವನಿಗೂ ನನಗೂ ಮಾತು ಬಿಟ್ಟು ತಿಂಗಳಾಗಿತ್ತು. ರಾಜನ ಪಾತ್ರ ತನಗೆ ಬರಬೇಕಿತ್ತೆಂದು ಅವನಿಗೆ ಸಿಟ್ಟು. ಅದನ್ನು ನೋಡಿ ನಾನು ಇನ್ನಷ್ಟು ಬೀಗುತ್ತಿದ್ದೆ ಎನ್ನುವುದೂ ನಿಜ.

ಆಲೂರಿನಲ್ಲಿ ನಾಟಕದ ದಿನ ಕಿರೀಟ ಇಟ್ಟುಕೊಂಡು ರಂಗಕ್ಕೆ ಬಂದೆ. ಬಾಯಿ ತೆರೆದದ್ದೇ ತಡ, ಕಾಲು ತಾನಾಗಿಯೇ ನೆಲ ಕೆದಕತೊಡಗಿತು. ನಿಂತರೆ ಮಾತು ಮರೆತುಹೋಗುತ್ತಿತ್ತು, ನಡೆದರೆ ನೆನಪಾಗುತ್ತಿತ್ತು. ಕೆಳಗೆ ಕೂತವರೆಲ್ಲ ಕಾಫಿ ತೋಟದವರೇ.

"ಏನ್ ಮಹಾರಾಜ್ರೇ, ಹಣ್ಣು ಒಣಗೈತಾ?" ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ಕಿರೀಟ ಕಿತ್ತೆಸೆದು ಹೋಗಿಬಿಡೋಣ ಅನ್ನಿಸಿತು.

ಆಗ ಮಂತ್ರಿ ತನ್ನ ಜಾಗ ಬಿಟ್ಟು ನನ್ನ ಪಕ್ಕಕ್ಕೆ ಬಂದು, ತಾನೂ ಕಾಲೆಳೆಯುತ್ತಾ ನಡೆಯತೊಡಗಿದ. ಅವನ ಹಿಂದೆಯೇ ಸೇನಾಪತಿ, ಕಾವಲುಗಾರರು. ಇಡೀ ಆಸ್ಥಾನವೇ ಸಾಲಾಗಿ ಕಾಫಿ ಕೆದಕಿತು. ಅದೂ ನಾಟಕವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ, ತಿಂಗಳ ನಂತರ ಮೊದಲ ಸಲ ಮಂತ್ರಿ ನನ್ನೊಡನೆ ಮಾತಾಡಿದ.

"ನೀನು ತಿರುಗೋದು ಈಗ್ಲೂ ಸರಿ ಇಲ್ಲ ಕಣೋ. ಮೂಲೆ ಹಣ್ಣೆಲ್ಲ ಹಂಗೇ ಉಳ್ಕಂಡ್ಬುಟ್ಟೈತೆ."