ಬ್ಯಾಟರಿ ಬೆಚ್ಚಗಿಟ್ಟ ಚಳಿಗಾಲ

ವಾಯುಪಡೆಗೆ ಸೇರುತ್ತೇನೆಂದು ಹೋದ ನನ್ನ ತಮ್ಮ ಹೋದಷ್ಟೇ ಬೇಗ ಹೊಸದುರ್ಗಕ್ಕೆ ವಾಪಸ್ಸು ಬಂದ. ಅಲ್ಲಿ ಅವನ ಎದೆಗೆ ಕೊಳವೆ ಇಟ್ಟ ಡಾಕ್ಟರು ಬಹಳ ಹೊತ್ತು ಅದನ್ನು ತೆಗೆಯಲೇ ಇಲ್ಲವಂತೆ. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರ ಹೃದಯದ ಕವಾಟವನ್ನು ತಿಂದುಹಾಕಿತ್ತು. ಆಪರೇಷನ್ನಿಗೂ ಹೊತ್ತು ಮೀರಿದೆ ಎಂದು ಆಮೇಲೆ ದೊಡ್ಡ ಆಸ್ಪತ್ರೆಯವರು ನನ್ನನ್ನು ಹೊರಗೆ ಕರೆದು ಹೇಳಿದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಇರಲಿಲ್ಲ. ನಾನು ಪ್ರೈಮರಿ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನಾನು, ಅವ್ವ, ಅವನು, ಮೂರೇ ಜನ.

ಅವನು ಚಿತ್ರದುರ್ಗದಲ್ಲಿ ಓದುವಾಗ ಆಟದ ವಿಮಾನ ಕಟ್ಟುವುದನ್ನು ಕಲಿಸಿದ್ದ ಲೆಕ್ಚರರು ಒಮ್ಮೆ ನೋಡಲು ಬಂದರು. ಕೈಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಎಂಜಿನ್ನೊಂದನ್ನು ಅವನ ಹಾಸಿಗೆಯ ಮೇಲಿಟ್ಟು, "ಸದ್ಯಕ್ಕೆ ನಿನ್ ಹತ್ರ ಇರ್ಲಿ" ಅಂದರು. ಅವತ್ತಿನಿಂದ ನಡುಮನೆಯ ತುಂಬ ಹಗುರ ಮರದ ಚೂರು, ಅಂಟು, ಕಾಗದ. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದ ಇಂಧನದ ವಾಸನೆಗೆ ಅವ್ವ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಳು.

ನಮ್ಮ ಕಡೆ ಗಾಳಿ ಜಾಸ್ತಿ. ಬಿಸಿಲೇರಿದ ಮೇಲೆ ವಿಮಾನ ಬಿಟ್ಟರೆ ಗಾಳಿ ಅದನ್ನು ನೆಲಕ್ಕೆ ಬಡಿದುಬಿಡುತ್ತಿತ್ತು. ಗಾಳಿ ಏಳುವ ಮುಂಚೆ, ಕೆರೆ ಅಂಗಳದ ಬಯಲಲ್ಲಿ, ನಸುಕಿಗೇ ಬಿಡಬೇಕು. ಆದರೆ ಪುಷ್ಯಮಾಸದ ನಸುಕಿನಲ್ಲಿ ಬ್ಯಾಟರಿ ಕೈಕೊಡುತ್ತಿತ್ತು. ಎಂಜಿನ್ನಿನ ತಲೆಯಲ್ಲಿ ಒಂದು ಸಣ್ಣ ತಂತಿ. ಬ್ಯಾಟರಿ ಹಚ್ಚಿದಾಗ ಅದು ಕೆಂಡದಂತೆ ಕೆಂಪಗಾದರೆ ಮಾತ್ರ ಎಂಜಿನ್ ಹೊತ್ತಿಕೊಳ್ಳುವುದು. ಚಳಿ ಹಿಡಿದ ಬ್ಯಾಟರಿಗೆ ತಂತಿ ಮಂಕಾಗಿ ಮಿಣುಕಿ ಸುಮ್ಮನಾಗುತ್ತಿತ್ತು.

"ಅದ್ಕೂ ನನ್ನಂಗೇ ಚಳಿ ಆಗಲ್ಲ ಕಣಕ್ಕ. ಬೆಚ್ಚಗಿಡ್ಬೇಕು" ಅಂದ.

ಬೆಂಕಿಗೆ ಇಟ್ಟರೆ ಸಿಡಿಯುತ್ತದೆ. ಹಾಗಾಗಿ ಚೊಂಬಿನ ಗಾತ್ರದ ಆ ಬ್ಯಾಟರಿಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ, ಬಿಸಿನೀರಿನ ಹಂಡೆಯಿಂದ ಒಂದು ಮೊಳ ದೂರದಲ್ಲಿಟ್ಟು, ಆಗಾಗ ಕೈಯಿಂದ ಮುಟ್ಟಿ ನೋಡಿ ಹೊರಳಿಸುವುದು ನನ್ನ ಪಾಲಿಗೆ ಬಂತು. ಹೊರಡುವಾಗ ಅದನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡು ನಡೆಯುತ್ತಿದ್ದೆ.

"ಮದ್ವಿ ಆಗೋ ವಯಸ್ನಾಗೆ ಹೊಟ್ಟಿಗೆ ಏನು ಕಟ್ಕಂಡು ಹೋಗ್ತೀಯ ನೀನು" ಎಂದು ಅವ್ವ ಒಂದು ದಿನ ಸಿಡುಕಿದಳು. ಮಗನಿಗೆ ಏನೂ ಅನ್ನುತ್ತಿರಲಿಲ್ಲ. ಬಯಲಿಗೆ ಮಾತ್ರ ಒಂದು ದಿನವೂ ಬರಲಿಲ್ಲ.

ವಿಮಾನ ಎರಡು ಉದ್ದನೆಯ ಸಣ್ಣ ತಂತಿಗಳ ತುದಿಯಲ್ಲಿ ಸುತ್ತುತ್ತಿತ್ತು. ತಂತಿಗಳ ಹಿಡಿಕೆ ಹಿಡಿದವರು ನಡುವೆ ನಿಂತು ಅದರ ಜೊತೆಗೇ ತಿರುಗಬೇಕು. ಮೊದಮೊದಲು ಅವನೇ ತಿರುಗುತ್ತಿದ್ದ. ಒಂದು ಬೆಳಿಗ್ಗೆ ನಾಲ್ಕು ಸುತ್ತಿಗೇ ಮಂಡಿಯೂರಿ ಕೂತುಬಿಟ್ಟ. ತುಟಿ ನೀಲಿಯಾಗಿತ್ತು. ವಿಮಾನ ಹುಲ್ಲಿನ ಮೇಲೆ ಪಲ್ಟಿ ಹೊಡೆಯಿತು.

"ಹೋಗಾಣ ನಡಿ ಮನಿಗೆ" ಅಂದೆ.

"ಹಿಡ್ಕೆ ನೀನು ಹಿಡ್ಕಾ. ನಾನು ಎಂಜಿನ್ ಹಚ್ಚಿ ಬಿಡ್ತೀನಿ."

"ನಂಗೆ ಬರಲ್ಲಪ್ಪ."

"ಬರಲ್ಲ ಅಂದ್ರೆ ಇದು ಯಾಕೈತೆ ಮನಿಯಾಗೆ? ಒಲಿಗೆ ಹಾಕು."

ಕಲಿತೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ತಲೆ ಸುತ್ತಿ ಬಿದ್ದು, ಮುರಿದ ರೆಕ್ಕೆಯನ್ನು ಅವನು ಅಂಟಿಸುವುದನ್ನು ಕಾದು, ಮತ್ತೆ ಹಿಡಿದು ಕಲಿತೆ. ಅವನು ಕಂಬಳಿ ಹೊದ್ದು ವಿಮಾನದ ಪಕ್ಕ ಕೂತು, ಬ್ಯಾಟರಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಬೆರಳಿನಿಂದ ಅದರ ಮೂತಿಯ ಪಂಖ ಹೊಡೆದು ತಿರುಗಿಸುತ್ತಿದ್ದ. ಎಷ್ಟೋ ಬೆಳಿಗ್ಗೆ ಎಂಜಿನ್ ಹೊತ್ತಲೇ ಇಲ್ಲ. ಗಾಳಿ ಎದ್ದಮೇಲೆ ಮನೆಗೆ ಬರುತ್ತಿದ್ದೆವು. ದಾರಿಯಲ್ಲಿ ಅವನು ಕೂರುವ ಕಲ್ಲುಗಳು ಹೆಚ್ಚಾಗುತ್ತಾ ಹೋದವು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಾತ್ರ ಮೊದಲ ಏಟಿಗೇ ಹೊತ್ತಿತು. ಅವನು ವಿಮಾನವನ್ನು ಕೈಯಿಂದ ಬಿಟ್ಟ. ನಾನು ತಿರುಗಿದೆ. ಇಂಧನ ತೀರುವವರೆಗೂ ಹಾರಿತು, ಮೆತ್ತಗೆ ಇಳಿಯಿತು. ಖುಷಿಯಿಂದ ಅವನ ಕಡೆ ಓಡಿದೆ. ಅವನು ವಿಮಾನ ನೋಡುತ್ತಿರಲಿಲ್ಲ. ತಲೆ ಮಂಡಿಗೆ ಆನಿಸಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ.

"ಹಾರ್ತಾ?" ಎಂದ.

"ಹೂಂ."

"ನೋಡಾಕಾಗ್ಲಿಲ್ಲ."

ಆಮೇಲೆ ಬಯಲಿಗೆ ಹೋಗಲಿಲ್ಲ. ಕಾಲು ಊದಿಕೊಂಡವು. ಮಲಗಲಾಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಬೇಸಿಗೆ ಶುರುವಾಗುವ ಹೊತ್ತಿಗೆ, ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ, ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಅವರು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಾಯಿತು.

ಎಂಜಿನ್ನನ್ನು ಲೆಕ್ಚರರಿಗೆ ವಾಪಸ್ಸು ಕೊಟ್ಟೆ. ಅವರು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ನಾನೇನು ಮಾಡುತ್ತಿದ್ದೆನೋ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ರಾಗಿ ಕೇರುತ್ತಾ ಕೇಳಿದಳು. "ಆ ವಿಮಾನ ಎಷ್ಟೆತ್ರ ಹೋಗ್ತಿತ್ತೇ?"

"ಮೂರಾಳೆತ್ತರ ಹೋಗ್ತಿತ್ತವ್ವ."

ಅವಳ ಕೈಯಲ್ಲಿ ಮೊರ ನಿಂತಿತು.

"ಅಷ್ಟೇನಾ?" ಅಂದಳು.