ಅಟ್ಟದಲ್ಲಿ ನನ್ನ ಹೆಸರು

ಅವರ ಬಲಗೈ ತೋರುಬೆರಳು ನೆಟ್ಟಗಿರಲಿಲ್ಲ. ಹುಡುಗುವಯಸ್ಸಿನಲ್ಲಿ ಎಂದೋ ಕಾಯಿ ತುರಿಯುವ ಮಷೀನಿನ ಬೆಲ್ಟಿಗೆ ಸಿಕ್ಕಿ ಮುರಿದಿದ್ದ ಬೆರಳು, ಕೂಡಿಕೊಳ್ಳುವಾಗ ತುದಿ ಎಡಕ್ಕೆ ವಾಲಿಕೊಂಡೇ ಕೂಡಿತ್ತು. ಹಾಗಾಗಿ ಅವರು ಮೂರನೆಯ ರ‍್ಯಾಕು ತೋರಿಸಿದರೆ ನೋಡುವವರ ಕಣ್ಣು ಎರಡನೆಯದಕ್ಕೆ ಹೋಗುತ್ತಿತ್ತು. "ಅಣ್ಣ ತೋರ್ಸೋದೇ ಒಂದು, ಬೆರಳು ತೋರ್ಸೋದೇ ಒಂದು" ಎಂದು ಫಿಟ್ಟರುಗಳು ರೇಗಿಸುತ್ತಿದ್ದರು. ಅವರು ನಗುತ್ತಾ, "ಬೆರಳು ನೋಡ್ಬ್ಯಾಡ್ರೋ, ನನ್ ಮಕ ನೋಡ್ರೋ" ಎನ್ನುತ್ತಿದ್ದರು. ನಾನು ಮೂರು ವರ್ಷ ಅವರ ಮುಖವನ್ನೇ ನೋಡಿಕೊಂಡು ಕೆಲಸ ಕಲಿತೆ.

ತುಮಕೂರಿನ ಹೊರಗೆ ಕೊಬ್ಬರಿ ಪುಡಿ ಮಾಡುವ ಫ್ಯಾಕ್ಟರಿ ಅದು. ಅವರು ಅಲ್ಲಿ ಸ್ಟೋರ್ ಕೀಪರ್. ಇಡೀ ಫ್ಯಾಕ್ಟರಿಗೆ ಅವರು ಅಣ್ಣ. ಅಮೃತೂರಿನಿಂದ ದಿನಾ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದರು. ಕನ್ನಡಕಕ್ಕೆ ಚೀಲ ಹೊಲಿಯುವ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಹೊಸ ಬೆಲ್ಟು ಬಂದರೆ ಬಿಲ್ಲು ನೋಡುವುದಕ್ಕೆ ಮುಂಚೆ ಮೂಗಿಗೆ ಹಿಡಿದು ಮೂಸುತ್ತಿದ್ದರು. "ರಬ್ಬರ್ ವಾಸ್ನೆ ಹೊಡೀದೆ ಹೋದ್ರೆ ಅದು ಹಳೇ ಮಾಲು ಕಣ್ಲಾ. ವಾಪಸ್ ಕಳ್ಸು." ಒಬ್ಬರೇ ಟೀ ಕುಡಿದದ್ದನ್ನು ನಾನು ನೋಡಲೇ ಇಲ್ಲ. ಯಾವಾಗಲೂ ಬೈಟು, ಅದರ ದೊಡ್ಡ ಪಾಲು ನನ್ನ ಲೋಟಕ್ಕೆ.

ನಾನು ಶೆಟ್ಟಿಹಳ್ಳಿಯವನು, ಡಿಪ್ಲೊಮಾ ಮುಗಿಸಿ ಕಂಟ್ರಾಕ್ಟರ್ ಮೂಲಕ ಅಲ್ಲಿಗೆ ಸೇರಿದ್ದೆ. ಕಂಟ್ರಾಕ್ಟಿನವರೆಂದರೆ ಫ್ಯಾಕ್ಟರಿಯಲ್ಲಿ ಇದ್ದೂ ಇಲ್ಲದವರು. ಗೇಟಿನ ಪಾಸಿನಲ್ಲಿ ಇದ್ದದ್ದು ಕಂಟ್ರಾಕ್ಟರನ ಹೆಸರು ಮತ್ತು ಒಂದು ನಂಬರು. ನನ್ನನ್ನು ಕಾಯಂ ಮಾಡಿಸುವುದು ತಮ್ಮ ಜವಾಬ್ದಾರಿ ಎಂದು ಅಣ್ಣ ಎಷ್ಟೋ ಸಲ ಹೇಳಿದ್ದರು. "ಮ್ಯಾನೇಜರ್ ಕಿವಿಗೆ ಹಾಕಿದೀನಿ ಕಣ್ಲಾ, ಸುಮ್ಕಿರು." ಮನೆಯಲ್ಲಿ ಅಮ್ಮನಿಗೆ ನಾನು ಅದನ್ನೇ ಹೇಳುತ್ತಿದ್ದೆ. ಅಮ್ಮ ಅದನ್ನು ಬೀದಿಗೆಲ್ಲ ಹೇಳುತ್ತಿದ್ದಳು.

ಸ್ಟೋರಿನಲ್ಲಿ ನಮಗೊಂದು ಕಂಪ್ಯೂಟರ್ ಇತ್ತು, ಅದರಲ್ಲಿ ಏನೂ ಮಾಡುವಂತಿರಲಿಲ್ಲ. ಪೆನ್‌ಡ್ರೈವ್ ಚುಚ್ಚುವ ಜಾಗಕ್ಕೆ ಅಂಟು ತುಂಬಿದ್ದರು. ಕಂಪನಿಯ ಮೇಲ್ ಬಿಟ್ಟರೆ ಇಂಟರ್ನೆಟ್ ಇಲ್ಲ. ಎಕ್ಸೆಲ್ ಅಕೌಂಟ್ಸ್‌ನವರಿಗೆ ಮಾತ್ರ. ಹೊಸದೇನಾದರೂ ಹಾಕಲು ಹೋದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಹೆಡ್ಡಾಫೀಸಿನವರ ಹತ್ತಿರ. ಬ್ರೌಸರ್ ಒಂದು ತೆರೆಯುತ್ತಿತ್ತು, ಅದರೊಳಗೆ ಕಂಪನಿಯ ಸಾಫ್ಟ್‌ವೇರು. ಆ ಸಾಫ್ಟ್‌ವೇರಿಗೆ ಉದ್ದುದ್ದ ನಂಬರುಗಳಷ್ಟೇ ಗೊತ್ತು. ಫಿಟ್ಟರುಗಳು ಬಂದು ಕೇಳುತ್ತಿದ್ದದ್ದು "ಡ್ರೈಯರ್ ಬಲಗಡೆ ಬೇರಿಂಗ್ ಕೊಡಿ" ಎಂದು. ಯಾವ ಮಾತಿಗೆ ಯಾವ ನಂಬರು, ಅದು ಇಲ್ಲದಿದ್ದರೆ ಯಾವುದು ಕೂರುತ್ತದೆ ಎಂಬುದೆಲ್ಲ ಅಣ್ಣನ ತಲೆಯಲ್ಲಿತ್ತು. ಅಣ್ಣ ರಜೆ ಹಾಕಿದ ದಿನ ಮಷೀನೂ ರಜೆ.

ಒಮ್ಮೆ ಡ್ರೈಯರ್ ಕೂರಿಸಲು ಕೊಯಮತ್ತೂರಿನಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ಅವರು ತಮ್ಮ ಟಿಪ್ಪಣಿಗಳನ್ನೆಲ್ಲ ಬ್ರೌಸರಿನಲ್ಲೇ ತೆರೆಯುವ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದರು. ಫೈಲು ಒಂದೇ, ಅದರೊಳಗೆ ಬೇಕಾದಷ್ಟು ಪುಟ. ಒಂದು ಪುಟದಲ್ಲಿರುವ ಪದವನ್ನು ಒತ್ತಿದರೆ ಅದರ ಪುಟ ತೆರೆದುಕೊಳ್ಳುತ್ತದೆ. ಇದಕ್ಕೆ ವಿಕಿ ಅನ್ನುತ್ತಾರೆ, ಇನ್‌ಸ್ಟಾಲ್ ಮಾಡುವ ಗೋಜೇ ಇಲ್ಲ ಎಂದು ಅವರು ವಿವರಿಸಿದರು. ಅಣ್ಣನ ಕಣ್ಣು ಅರಳಿತು. "ಅಂದ್ರೆ ಪಾಸ್‌ವರ್ಡ್ ನನ್ಮಕ್ಳನ್ನ ಕೇಳೋ ಹಂಗಿಲ್ಲ ಅನ್ನಿ!" ಎಂದರು. ಇಂಜಿನಿಯರ್ ಹೋಗುವ ಮುಂಚೆ ಖಾಲಿ ಫೈಲೊಂದನ್ನು ಸ್ಟೋರಿನ ಮೇಲ್‌ಗೆ ಕಳಿಸಿದರು.

ಅಣ್ಣ ಅದಕ್ಕೆ ಅಟ್ಟ ಎಂದು ಹೆಸರಿಟ್ಟರು. ಮನೆಯಲ್ಲಿ ಯಾವುದನ್ನೂ ಎಸೆಯದೆ ಅಟ್ಟಕ್ಕೆ ಹಾಕುವ ಹಾಗೆ ಇಲ್ಲೂ ಹಾಕುತ್ತಾ ಹೋಗುವುದು. ಮೊದಲ ದಿನ ಫೈಲು ತೆರೆದಾಗ ಒಂದು ಖಾನೆಯಲ್ಲಿ ಬರೆಯುವವರ ಹೆಸರು ಕೇಳಿತು. ನಾನು ಅಣ್ಣನ ಹೆಸರು ಹಾಕಲು ಹೋದೆ. ಅವರು ನನ್ನ ಕೈ ತಡೆದರು.

"ನಿಂದು ಹಾಕ್ಲಾ."

"ಹೇಳೋರು ನೀವು, ನಂದ್ಯಾಕಣ್ಣ?"

"ನಾನು ಇವತ್ತಿದ್ದು ನಾಳೆ ಮನೆಗೋಗೋನು. ಇರೋನು ನೀನು. ಹಾಕು ಅಂದ್ರೆ ಹಾಕು."

ಹಾಕಿದೆ. ಅಂದಿನಿಂದ ಯಾರು ಯಾವ ಪುಟ ಬರೆದರೂ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಬೀಳತೊಡಗಿತು. ಗೇಟಿನ ಪಾಸಿನಲ್ಲೂ ಇಲ್ಲದ ನನ್ನ ಹೆಸರು ಆ ಫ್ಯಾಕ್ಟರಿಯಲ್ಲಿ ಇದ್ದದ್ದು ಅಲ್ಲಿ ಮಾತ್ರ. ಖುಷಿಯಿಂದ ಅವತ್ತು ಮನೆಗೆ ಹೋಗುವಾಗ ಸ್ವೀಟ್ ತಗೊಂಡು ಹೋಗಿದ್ದೆ.

ಆ ಅಟ್ಟ ಕಟ್ಟಿದ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಮೆತ್ತಗಾಗುತ್ತದೆ, ಮೆತ್ತಗಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅಣ್ಣ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ನನ್ನ ಕೈ ಖಾಲಿ ಇಲ್ಲದಾಗ ಅವರೇ ಕೂತು ಆ ಸೊಟ್ಟ ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. ಇನ್ನೂ ಬರೆಯದ ಪುಟದ ಹೆಸರು ಓರೆ ಅಕ್ಷರದಲ್ಲಿ ಕಾಣಿಸುತ್ತಿತ್ತು. "ಓರೆ ಇರೋದನ್ನೆಲ್ಲ ನೆಟ್ಟಗೆ ಮಾಡದೆ ಸಾಯಲ್ಲ ಕಣ್ಲಾ" ಎಂದು ನಗುತ್ತಿದ್ದರು. ಬರೆದದ್ದನ್ನು ಸೇವ್ ಮಾಡದಿದ್ದರೆ ಮೂಲೆಯ ಗುರುತು ಕೆಂಪಾಗುತ್ತಿತ್ತು. ಬಸ್ಸಿಗೆ ಹೊರಟವರು ಬಾಗಿಲಿನಿಂದ ತಿರುಗಿ, "ಕೆಂಪೋಯ್ತಾ?" ಎಂದು ಕೇಳುತ್ತಿದ್ದರು. "ಹೋಯ್ತಣ್ಣ" ಎಂದರೆ ಮಾತ್ರ ಚಪ್ಪಲಿ ಮೆಟ್ಟುತ್ತಿದ್ದರು. ದಿನದ ಕೊನೆಗೆ ಆ ಫೈಲನ್ನು ಎಲ್ಲರಿಗೂ ಕಾಣುವ ಕಂಪನಿಯ ಫೋಲ್ಡರಿಗೆ ಹಾಕುತ್ತಿದ್ದೆವು, ಅಣ್ಣ ಇಲ್ಲದ ಶಿಫ್ಟಿನವರೂ ನೋಡಿಕೊಳ್ಳಲಿ ಎಂದು.

ಗ್ರೀಸಿನ ಪುಟ ಬರೆದದ್ದು ಅಣ್ಣನೇ. ನಾನು ಪಕ್ಕದಲ್ಲಿ ಬೆಲ್ಟಿನ ಕಟ್ಟು ಬಿಚ್ಚುತ್ತಿದ್ದೆ. ತಿನ್ನುವ ಮಾಲು ಹಾದುಹೋಗುವ ಕಡೆಗೆಲ್ಲ ಬಿಳಿ ಗ್ರೀಸೇ ಆಗಬೇಕು, ಬಾಯ್ಲರ್ ಕಡೆಗಾದರೆ ಹಳದಿ ಡಬ್ಬಿಯದೂ ಆಗುತ್ತದೆ. ಅಣ್ಣ ಬಾಯಲ್ಲಿ ಹೇಳಿಕೊಳ್ಳುತ್ತಾ ಕುಟ್ಟುತ್ತಿದ್ದರು: "ಬಿಳಿ ಗ್ರೀಸ್ ಮುಗಿದಿದ್ದರೆ ಹಳದಿ ಡಬ್ಬಿಯದು ನಡೆಯುತ್ತದೆ." ಬಾಯ್ಲರ್ ಕಡೆಗೆ ಮಾತ್ರ ಎಂದು ಇನ್ನೂ ಸೇರಿಸಬೇಕಿತ್ತು. ಅಷ್ಟರಲ್ಲಿ ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯಿತು. ಅಣ್ಣ ಕೆಂಪು ಗುರುತು ಹೋಗುವಂತೆ ಒತ್ತಿ ಎದ್ದುಹೋದರು. ಆಮೇಲೆ ಅದು ಅವರಿಗೂ ಮರೆಯಿತು, ನನಗೂ.

ಕೆಲವು ವಾರ ಕಳೆದು ಒಂದು ದಿನ ಬಿಳಿ ಗ್ರೀಸ್ ಮುಗಿಯಿತು. ಸೆಕೆಂಡ್ ಶಿಫ್ಟಿನ ಫಿಟ್ಟರ್ ಅಟ್ಟ ತೆರೆದು ನೋಡಿ, ಪುಡಿ ಸಾಗುವ ಕನ್ವೇಯರಿಗೇ ಹಳದಿ ಡಬ್ಬಿಯದನ್ನು ಬಳಿದ. ಬೆಳಿಗ್ಗೆ ಲೋಡಿಗೆ ಇಟ್ಟಿದ್ದ ಪುಡಿಯೆಲ್ಲ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಚೀಲ ಚೀಲವೇ ಅಂಗಳಕ್ಕೆ ಬಂತು. ಮ್ಯಾನೇಜರ್ ಫಿಟ್ಟರನನ್ನು ಹಿಡಿದುಕೊಂಡು ಸೀದಾ ಸ್ಟೋರಿಗೆ ಬಂದರು.

"ಯಾರು ಹೇಳಿದ್ದು ಇದ್ನ ಹಾಕು ಅಂತ?"

"ಅಟ್ಟದಲ್ಲಿ ನೋಡ್ಕೊಂಡೆ ಸಾರ್."

"ಅಟ್ಟ? ಯಾವ ಅಟ್ಟನಯ್ಯಾ?"

ಅಣ್ಣ ಕೂತಿದ್ದರು. ನಾನು ಎಂದಿನಂತೆ ಅವರ ಎಡಕ್ಕೆ ನಿಂತಿದ್ದೆ. ಅವರೇ ಫೈಲು ತೆರೆದು ಗ್ರೀಸಿನ ಪುಟ ತೋರಿಸಿದರು. ಮ್ಯಾನೇಜರ್ ಬಗ್ಗಿ ಓದಿದರು. "ಯಾರ್ ಬರ್ದಿದ್ದು ಇದ್ನ? ಯಾರ್ ಪರ್ಮಿಷನ್ ಕೊಟ್ರು ಈ ಫೈಲಿಗೆ?"

ನಾನು ಅಣ್ಣನ ಮುಖ ನೋಡಿದೆ. ಸತ್ಯವಾಗಿ ಹೇಳುತ್ತೇನೆ, ಆಗ ನನಗೆ ಭಯವೇ ಇರಲಿಲ್ಲ. ಅಣ್ಣ ಏನೋ ಒಂದು ಹೇಳಿ ಇಬ್ಬರನ್ನೂ ಪಾರು ಮಾಡುತ್ತಾರೆ ಎಂದುಕೊಂಡಿದ್ದೆ. ಅಣ್ಣ ಕನ್ನಡಕ ಏರಿಸಿಕೊಂಡು, ತಲೆಬರಹದ ಕೆಳಗಿನ ಸಣ್ಣ ಅಕ್ಷರದ ಕಡೆಗೆ ಬೆರಳು ಚಾಚಿದರು. ವಾಲಿದ ತುದಿ ನನ್ನ ಕಡೆಗಿತ್ತು.

"ಹೆಸ್ರು ಐತಲ್ಲ ಸಾರ್ ಇಲ್ಲಿ. ಎಲ್ಲಾ ಅವ್ರೇ ಮಾಡಿದ್ದು."

ಅವ್ರು! ಮೂರು ವರ್ಷ ಏನ್ಲಾ, ಬಾರ್ಲಾ, ಉಂಡ್ಯೇನ್ಲಾ ಎಂದ ಬಾಯಿಗೆ ಆ ಒಂದು ಗಳಿಗೆಯಲ್ಲಿ ನಾನು ಅವ್ರಾಗಿಬಿಟ್ಟಿದ್ದೆ. ಗೇಟಿನಲ್ಲಿ ಮೊದಲ ಸಲ ಕಂಡ ಯಾರದೋ ಬಗ್ಗೆ ಹೇಳುವ ಮರ್ಯಾದೆ ಅದು.

"ನಿನ್ ಹೆಸ್ರೇ ಅಲ್ವೇನಯ್ಯಾ ಇದು?" ಎಂದರು ಮ್ಯಾನೇಜರ್.

"ಹೆಸ್ರು ನಂದೇ ಸಾರ್. ಆದ್ರೆ ಬರ್ದಿದ್ದು..."

"ಆದ್ರೆ ಗೀದ್ರೆ ಬೇಡ."

ಅಣ್ಣ ಕನ್ನಡಕದ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಮುಖ ನೋಡಿ ಎಂದು ಊರಿಗೆಲ್ಲ ಹೇಳುತ್ತಿದ್ದವರು ಅವತ್ತು ಮುಖ ಕೊಡಲಿಲ್ಲ. ಮಧ್ಯಾಹ್ನಕ್ಕೆ ಕಂಟ್ರಾಕ್ಟರ್ ಫೋನ್ ಮಾಡಿ ನಾಳೆಯಿಂದ ಬರುವುದು ಬೇಡ ಎಂದ. ನಾನು ಟಿಫನ್ ಡಬ್ಬಿ ತೆಗೆದುಕೊಳ್ಳಲು ಹೋದಾಗ ಹೆಡ್ಡಾಫೀಸಿನ ಕಂಪ್ಯೂಟರ್ ಹುಡುಗ ಅಟ್ಟವನ್ನು ಅಳಿಸುತ್ತಿದ್ದ. ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲದ ಕಂಪ್ಯೂಟರಿನಿಂದ ಏನನ್ನು ತಾನೇ ತರಲಿ? ಟೇಬಲ್ಲಿನ ಮೇಲೆ ಟೀ ಲೋಟ ಒಂದೇ ಇತ್ತು.

ಆಮೇಲೆ ಆ ಫಿಟ್ಟರ್ ಮನೆಗೆ ಬಂದು ಸಮಾಧಾನ ಹೇಳಿದ. "ರಿಟೈರಾಗೋ ಹೊತ್ತಲ್ಲಿ ಕೆಲ್ಸ ಹೋದ್ರೆ ಅವ್ರ ಗತಿ ಏನು? ಹೆದ್ರುಕೊಂಡ್ಬುಟ್ರು. ಹೋಗ್ಲಿ ಬುಡು." ಹೆದರಿದ್ದು ನನಗೂ ಅರ್ಥವಾಗುತ್ತದೆ. ತಪ್ಪಾಯ್ತು ಸಾರ್, ಇಬ್ಬರೂ ಸೇರಿ ಮಾಡಿದ್ದು ಎಂದಿದ್ದರೂ ಸಾಕಿತ್ತು, ನಾನು ಅವರ ಪಾಲನ್ನೂ ಹೊತ್ತುಕೊಂಡು ಹೋಗುತ್ತಿದ್ದೆ. ನನ್ನನ್ನು ತಿಂದದ್ದು ಬೇರೆ. ಮೊದಲ ದಿನ ನನ್ನ ಕೈ ತಡೆದು ಹೆಸರು ಹಾಕಿಸಿದರಲ್ಲ, ಅದು ಪ್ರೀತಿಯೋ, ಅಥವಾ ಇಂಥದ್ದೊಂದು ದಿನ ಬರುತ್ತದೆಂದು ಗೊತ್ತಿದ್ದ ಹುಷಾರೋ? ಪ್ರೀತಿ ಎಂದುಕೊಂಡರೆ ಆ "ಅವ್ರು" ಅಡ್ಡ ಬರುತ್ತದೆ. ಹುಷಾರು ಎಂದುಕೊಂಡರೆ ಕುಡಿದ ಬೈಟು ಟೀಯೆಲ್ಲ ಹೊಟ್ಟೆಯಲ್ಲಿ ಕಹಿಯಾಗುತ್ತದೆ. ಅಮ್ಮನಿಗೆ ನಾನು ನಿಜ ಹೇಳಲಿಲ್ಲ. ಕೆಲಸ ನಾನೇ ಬಿಟ್ಟೆ ಎಂದೆ.

ಗುಬ್ಬಿ ಕಡೆ, ಬಿದರೆಹಳ್ಳಿ ಕಾವಲ್ ರಸ್ತೆಯ ಒಂದು ಸಣ್ಣ ಯೂನಿಟ್ಟಿನ ಸ್ಟೋರಿನಲ್ಲಿ ನನಗೆ ಕೆಲಸ ಸಿಕ್ಕಿತು. ಒಮ್ಮೆ ಕುಣಿಗಲ್ಲಿಗೆ ನೆಂಟರ ಮನೆಗೆ ಹೊರಟಾಗ ಬಸ್ಸಿನಲ್ಲಿ ಅಣ್ಣ ಕೂತಿದ್ದರು. ನನ್ನನ್ನು ಕಂಡು ಕಿಟಕಿಯ ಕಡೆಗೆ ಸರಿದು, ಪಕ್ಕದ ಸೀಟನ್ನು ಬೆರಳಿನಿಂದ ತಟ್ಟಿದರು. ನಾನು ಕೂರಲಿಲ್ಲ. ಹೆಬ್ಬೂರಿನಲ್ಲಿ ಅರ್ಧ ಬಸ್ಸು ಖಾಲಿಯಾದರೂ ಕಂಬಿ ಹಿಡಿದು ನಿಂತೇ ಇದ್ದೆ. ಕುಣಿಗಲ್ಲಿನಲ್ಲಿ ಇಳಿಯುವಾಗ ಬೆನ್ನ ಹಿಂದಿನಿಂದ ಅವರ ದನಿ ಕೇಳಿತು.

"ಹೊಸ ಅಟ್ಟ ಕಟ್ಕೊಂಡ್ಯೇನ್ಲಾ?"

ಮತ್ತೆ ಲಾ! ಆ ಸಲುಗೆಯನ್ನು ಯಾವ ಬಾಯಲ್ಲಿ ವಾಪಸ್ ತಗೊಂಡರೋ. ಇಳಿದುಬಿಟ್ಟೆ. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಕಟ್ಟಿಕೊಂಡಿದ್ದೆ, ನಿಜ. ಇಲ್ಲೂ ಕಂಪ್ಯೂಟರಿಗೆ ಅದೇ ಕಟ್ಟುಪಾಡು, ಇಲ್ಲೂ ತೆರೆಯುವುದು ಬ್ರೌಸರ್ ಒಂದೇ. ಆ ಇಂಜಿನಿಯರಿಗೆ ಬರೆದು ಇನ್ನೊಂದು ಖಾಲಿ ಫೈಲು ತರಿಸಿಕೊಂಡಿದ್ದೆ. ಬೇರಿಂಗ್, ಬೆಲ್ಟು, ಸೀಲು ಎಂದು ಬರೆಯಲು ಕೂತರೆ ಅಣ್ಣನ ಮಾತೇ ಬೆರಳಿಗೆ ಬರುತ್ತಿತ್ತು. ಹೊಸ ಬೆಲ್ಟು ಬಂದರೆ ಮೂಸಿ ನೋಡಬೇಕು ಎಂದು ಒಂದು ಪುಟದಲ್ಲಿ ನಾನೇ ಬರೆದಿದ್ದೇನೆ. ಬರೆಯುವವರ ಹೆಸರಿನ ಖಾನೆಯನ್ನು ಮಾತ್ರ ಖಾಲಿ ಬಿಟ್ಟಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ನಿವೃತ್ತಿಯಾಗಿ ಬಹಳ ದಿನವೇನೂ ಆಗಿರಲಿಲ್ಲ. ಫಿಟ್ಟರ್ ಫೋನ್ ಮಾಡಿದಾಗ ಹೋಗುವುದಿಲ್ಲ ಎಂದೆ. ಆದರೂ ತಿಥಿಯ ದಿನ ಅಮೃತೂರಿನ ಬಸ್ಸು ಹತ್ತಿದ್ದೆ. ಫೋಟೋದಲ್ಲಿ ಕನ್ನಡಕಕ್ಕೆ ದಾರ ಇರಲಿಲ್ಲ, ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಅವರ ಹೆಂಡತಿ, ನೀನ್ಯಾರಪ್ಪಾ ಎಂದು ನನ್ನನ್ನು ಕೇಳಿದರು. ಹೆಸರು ಹೇಳಿದೆ. ಆ ತಾಯಿಯ ಮುಖ ಅರಳಿತು.

"ಓ, ಅಟ್ಟದ ಹುಡ್ಗ ನೀನೇನಪ್ಪಾ? ಮನೇಲಿ ದಿನಾ ನಿನ್ ಹೆಸ್ರೇ. ಅದೆಲ್ಲಾ ಆ ಹುಡುಗ್ನೇ ಮಾಡಿದ್ದು ಕಣೇ, ನಾನು ಹೇಳ್ದೆ ಅಷ್ಟೇಯ ಅನ್ನೋರು."

ಎಲೆಯ ಮುಂದೆ ಕೂತೆ. ಅದೇ ಮಾತು. ಹೆಂಡತಿಯ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿದರೋ, ಮ್ಯಾನೇಜರ್ ಮುಂದೆ ಹೇಳಿದ ಸುಳ್ಳನ್ನು ಮನೆಯಲ್ಲೂ ಹೇಳಿ ಹೇಳಿ ತಾವೇ ನಂಬಿಕೊಂಡರೋ? ಇನ್ನು ಯಾರನ್ನು ಕೇಳಲಿ? ಪಾಯಸ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದೆ. ಆ ತಾಯಿಗೆ ಕೈ ಮುಗಿದು ಬಂದೆ.

ಮಾರನೆಯ ದಿನ ಕೆಲಸಕ್ಕೆ ಹೋದವನು ಅಟ್ಟ ತೆರೆದು, ಖಾಲಿ ಬಿಟ್ಟಿದ್ದ ಖಾನೆಯಲ್ಲಿ ಅವರ ಹೆಸರು ಹಾಕಿದೆ. ಈಗ ನಾನು ಏನು ಬರೆದರೂ ತಲೆಬರಹದ ಕೆಳಗೆ ಅವರ ಹೆಸರೇ ಬೀಳುತ್ತದೆ. ಇದು ಋಣ ತೀರಿಸುವುದೋ, ಸೇಡು ತೀರಿಸಿಕೊಳ್ಳುವುದೋ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ನಾಳೆ ಯಾರಾದರೂ ಬಂದು, ಇದನ್ನೆಲ್ಲ ಯಾರು ಬರೆದದ್ದು, ಯಾರ ಪರ್ಮಿಷನ್ ಎಂದು ಕೇಳಿದರೆ ನಾನು ಪರದೆಯತ್ತ ಬೆರಳು ಚಾಚಿ ಹೇಳುತ್ತೇನೆ: "ಹೆಸ್ರು ಐತಲ್ಲ ಸಾರ್ ಇಲ್ಲಿ. ಎಲ್ಲಾ ಅವ್ರೇ ಮಾಡಿದ್ದು."

ನಾನು ಹೇಳಿದರೆ ಅದು ಸುಳ್ಳಾಗುವುದಿಲ್ಲ.